ಸುಣ್ಣದ ಗೆರೆಯ ಮೇಲೆ ಗಾಡಿಗಳು

ಆಟಕ್ಕೆಂದು ತಾವೇ ಬಿಟ್ಟುಕೊಟ್ಟಿದ್ದ, ಓಟಕ್ಕೆ ಸುಣ್ಣದ ಗೆರೆ ಎಳೆದಿದ್ದ ಬಯಲಿನಲ್ಲಿ ಸಕ್ಕರೆ ಕಾರಖಾನೆಯವರು ಕಬ್ಬಿನ ಗಾಡಿಗಳನ್ನು ನಿಲ್ಲಿಸಿದರು. ಮರುದಿನ ಗಾಲಿ ಕೊರೆದ ತಗ್ಗಿನಲ್ಲಿ ಸಿಕ್ಕು, ಅಲ್ಲಿ ಓಡುತ್ತಿದ್ದ ಹುಲಿಗೆಪ್ಪನ ಕಾಲು ಮುರಿಯಿತು.

ಹುಲಿಗೆಪ್ಪ ಪ್ರಾಯದ ಹುಡುಗ. ಬುದ್ಧಿ ಬೆಳೆದಿಲ್ಲವೆಂದು ಮನೆಯವರು ಅವನನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿದ್ದರು. ಅಂಥವರನ್ನು ಸಾಂಗಲಿಯ ಸುತ್ತಲಿನ ಊರುಗಳಿಂದ ಹುಡುಕಿ ತಂದು ಓಡಲು ಕಲಿಸುತ್ತಿದ್ದವಳು ಹರಿಪುರದ ಸೋನಾಬಾಯಿ. ಗಂಡ ತೀರಿಕೊಂಡ ಮೇಲೆ ತನ್ನ ಪಾಲಿನ ಹೊಲದ ಹುಟ್ಟುವಳಿಯನ್ನೆಲ್ಲ ಇದಕ್ಕೇ ಸುರಿಯುತ್ತಿದ್ದಳು.

ಮಿರಜಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ, ಅವನನ್ನು ಮನೆ ಮುಟ್ಟಿಸಿ, ಸಂಜೆ ಅವಳು ಬಯಲಿಗೆ ಬಂದಾಗ ರಾವಸಾಬ ಒಬ್ಬನೇ ಸಲಿಕೆ ಹಿಡಿದು ತಗ್ಗು ಮುಚ್ಚುತ್ತಿದ್ದ. ಗಾಡಿಗಳ ಸರದಿ ನೋಡಿಕೊಳ್ಳುವ ಮುಕಾದಮ ಅವನು. ಹೆಂಡತಿ ಇಲ್ಲದ ಮನೆಗೆ ಹೋಗುವ ಅವಸರವಿಲ್ಲದೆ, ಪಾಳಿ ಮುಗಿದ ಮೇಲೆ ದಿನವೂ ಇಲ್ಲಿ ಸ್ಟಾಪ್‌ವಾಚ್ ಹಿಡಿಯುವವನೂ ಅವನೇ.

ಬೈಯಬೇಕೆಂದು ಬಂದವಳು ಬದುವಿನ ಮೇಲೆ ಕುಸಿದು ಕುಳಿತಳು.

"ಗೇಟ ತೆಗೆದವ್ರು ನೀವೇನ್ರಿ?"

"ಹೂಂನ್ರಿ ಬಾಯಾರ. ಚೇರಮನ್ನರು ಹೇಳಿದ್ರು. ನೌಕರಿ ಹೋದೀತಂತ ಅಂಜಿದೆ."

ಸಿಟ್ಟಾಗಲೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ವರ್ಷಗಟ್ಟಲೆ ಬಾಗಿಲು ಬಾಗಿಲು ಅಲೆದಿದ್ದಳು. ಓಡಲು ನೆಲ ಕೊಡಿ ಎಂದರೆ ಎಲ್ಲರೂ ಕೈಮುಗಿದು ಪುಣ್ಯದ ಮಾತಾಡಿ ಕಳಿಸುತ್ತಿದ್ದರು.

ಅವನು ತಂಬಿಗೆಯಲ್ಲಿ ನೀರು ತಂದುಕೊಟ್ಟ. ಅವನ ಅಂಗೈಯಲ್ಲಿ ಬೊಬ್ಬೆಗಳೆದ್ದಿದ್ದವು. ಅದನ್ನೇ ನೋಡುತ್ತ ನೀರು ಕುಡಿದಳು.

"ಒಂದು ಕೇಳ್ಲಿ? ವಾಚು ನಿಮ್ಮ ಕೈಯಾಗಿದ್ದಾಗೆಲ್ಲ ನಮ್ಮ ಹುಡುಗ್ರು ಯಾಕ ತಡಾ ಮುಟ್ತಾರ?"

ರಾವಸಾಬನ ಕಿವಿ ಕೆಂಪಾಯಿತು. ಸಲಿಕೆಗೆ ಅಂಟಿದ ಮಣ್ಣನ್ನು ಬೆರಳಿನಿಂದ ಕೆರೆಯುತ್ತ ನಿಂತ.

"ಗುಂಡಿ ಒತ್ತೂ ಹೊತ್ತಿನಾಗ ನಾ ನಿಮ್ಮನ್ನ ನೋಡ್ಕೊಂತ ನಿಂತಿರ್ತೇನ್ರಿ."

ದಣಿದ ಅವಳ ಮುಖದಲ್ಲಿ ನಗು ಬಹಳ ದೂರದಿಂದ ನಡೆದು ಬಂದಂತೆ ಬಂತು. "ಆ ಹುಡುಗ್ರಿಗೆ ಎಷ್ಟು ಅನ್ಯಾಯ ಮಾಡೀರಿ," ಎಂದಳು. ಕಣ್ಣು ಮಾತ್ರ ಅವನ ಮೇಲಿಂದ ಕದಲಲಿಲ್ಲ.

ಆಗಲೇ ಚೇರಮನ್ ಬಾಪೂಸಾಹೇಬರ ಜೀಪು ಬಂತು. ಹುಲಿಗೆಪ್ಪನ ಬಗ್ಗೆ ಪಾಪ ಎಂದರು. ಕಾರಖಾನೆಯ ಯಾರ್ಡು ತುಂಬಿದೆ, ಸಮಡೋಳಿ ಊರಿನ ಗಾಡಿಗಳು ಹೊರಗೆ ನಿಂತಿವೆ, ಓಟಗೀಟ ಕಬ್ಬಿನ ಹಂಗಾಮು ಮುಗಿದ ಮೇಲೆ ಇಟ್ಟುಕೊಳ್ಳಿ ಎಂದರು. ಗೇಟಿನಾಚೆ ಎತ್ತುಗಳ ಬಾಯಲ್ಲಿ ನೊರೆ ಇತ್ತು. ಬೆಳಗಿನಿಂದ ನೊಗದ ಹಿಂದೆ ಕುಳಿತ ಗಾಡಿಯವರದೇನೂ ತಪ್ಪಿರಲಿಲ್ಲ.

"ರಾವಸಾಬ, ಗೇಟ ತೆಗಿ."

ಅವನು ಸೋನಾಬಾಯಿಯ ಕಡೆ ನೋಡಿದ. ಅವಳು ಬೇಡಲಿಲ್ಲ, ಬೇಡಿ ಬೇಡಿ ಸಾಕಾಗಿತ್ತು. ಅವನು ಸಲಿಕೆ ಕೆಳಗಿಟ್ಟು ಗೇಟಿಗೆ ಬೆನ್ನು ಕೊಟ್ಟು ನಿಂತ.

"ತೆಗ್ಯಾಂಗಿಲ್ರಿ ಸಾಹೇಬ್ರ. ನಿಮ್ಮ ಬಂಗ್ಲೆ ಮುಂದಿನ ಬಯಲು ಖಾಲಿ ಐತಿ. ಗಾಡಿ ಅಲ್ಲಿಗೆ ಕಳಸ್ತೇನಿ."