ಜರಡಿಯಿಂದ ಜಾರಿದ ಗುನುಗು

"ನಮ್ಮಮ್ಮನ್ನ ಎಲ್ಲಿಟ್ಟಿದ್ದೀರಿ?"

ಸ್ಟುಡಿಯೋದ ಬಾಗಿಲಲ್ಲಿ ನಿಂತು ಒಬ್ಬ ಗಂಡಸು ಹೀಗೆ ಕೇಳಿದರೆ ಯಾರು ತಾನೇ ಏನು ಹೇಳಿಯಾರು? ಅವಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಎತ್ತರದ ಆಳು. ಅಂಗಿಯ ಜೇಬಿನ ಮೇಲೆ ಸಾಲಾಗಿ ನಾಲ್ಕು ಗುಂಡುಪಿನ್ನು. ಕೊರಳಲ್ಲಿ ಅಳತೆ ಟೇಪು, ತೆಗೆಯುವುದನ್ನೇ ಮರೆತು ಓಡಿ ಬಂದಂತಿತ್ತು. ಕಣ್ಣು ಮಾತ್ರ ಕೆಂಡ.

"ಇದು ಹಾಡು ರೆಕಾರ್ಡ್ ಮಾಡೋ ಜಾಗ. ಕಳೆದುಹೋದೋರನ್ನ ಹುಡುಕೋದು ಪೊಲೀಸ್ ಸ್ಟೇಷನ್ನಲ್ಲಿ," ಎಂದಳು.

"ಗೊತ್ತು. ಕಳೆದುಹೋಗಿರೋದು ಇಲ್ಲೇ."

ಅವಳ ಕಿವಿ ನಿಮಿರಿತು. ಮುಖ ಎಂದೂ ನೋಡಿದ್ದಲ್ಲ, ಆದರೆ ಆ ದನಿ! ಮೂರು ವಾರದಿಂದ ಬಸ್ಸಿನಲ್ಲಿ, ಬಚ್ಚಲಲ್ಲಿ, ಬಟ್ಟೆ ಮಡಚುವಾಗ ಅವಳ ಜೊತೆಗಿದ್ದ ದನಿ. ಸ್ವಲ್ಪ ಒರಟು, ಸಾಲಿನ ಕೊನೆಯಲ್ಲಿ ಮಾತ್ರ ಮೆತ್ತಗಾಗುವಂಥದ್ದು. ಹೇಳದೆ ಕೇಳದೆ ಅವಳ ಕೆನ್ನೆ ಬಿಸಿಯಾಯಿತು.

"ನೀವು... ಹೊಲಿಗೆ ಅಂಗಡಿಯವರಾ?"

"ಹೌದು. ಆ ಬಟ್ಟೆ ಕವರು ಕಳಿಸಿದ ದರ್ಜಿ ನಾನೇ."

ಆ ಕವರಿನ ಕಥೆ ಹೇಳಬೇಕಾದರೆ ಮೊದಲು ಅವಳ ಕೆಲಸದ ಕಥೆ ಹೇಳಬೇಕು. ಸ್ಟುಡಿಯೋ ಅವಳ ಸೋದರಮಾವನದು. ದೊಡ್ಡ ದೊಡ್ಡ ಗಾಯಕರು ಬಂದು, ನಲವತ್ತು ಪಿಟೀಲು ಇಟ್ಟುಕೊಂಡು, ಮಿರಿಮಿರಿ ಕೋಟು ತೊಟ್ಟು ಯೇಸುವಿನ ಹಾಡು ಹಾಡಿ ಹೋಗುತ್ತಿದ್ದರು. ಆಮೇಲೆ ಅದರಲ್ಲಿನ ಕೆಮ್ಮು, ಕುರ್ಚಿಯ ಕಿರಕಿರ, ಫ್ಯಾನಿನ ಸದ್ದನ್ನು ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ತೆಗೆಯುವುದು ಅವಳ ಪಾಲಿನ ಕೆಲಸ. ಅದಕ್ಕೇ ಮಾವ ಅವಳನ್ನು ಕರೆಯುತ್ತಿದ್ದದ್ದು ಜರಡಿ ಎಂದು. ಕ್ರಮೇಣ ಎಲ್ಲರೂ ಹಾಗೇ ಕರೆದರು.

ನಾಲ್ಕು ವರ್ಷ ಪ್ರಾರ್ಥನೆಗಳನ್ನು ತಿಕ್ಕಿ ತಿಕ್ಕಿ ಹೊಳಪು ಕೊಟ್ಟ ಜರಡಿಗೆ ಒಂದು ದಿನ ತಾನೇ ಪ್ರಾರ್ಥನೆ ಮಾಡುವುದು ಮರೆತುಹೋದಂತಾಯಿತು. ಕಣ್ಣು ಮುಚ್ಚಿದರೆ ಪಿಟೀಲು ಕೇಳುತ್ತಿತ್ತೇ ಹೊರತು ಇನ್ನೇನೂ ಇಲ್ಲ. ಆ ವಾರವೇ ಪರಿಚಯದ ನರ್ಸೊಬ್ಬಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ತಾನೇ ಕಟ್ಟಿ ಹಾಡಿದ ಹಾಡೊಂದನ್ನು ಕೇಳಿಸಿದಳು. ಮಧ್ಯೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು. ಜರಡಿ ಅಲ್ಲೇ ನಿಂತು ಗಳಗಳನೆ ಅತ್ತಳು.

ಇಂಥವರು ಇನ್ನೆಷ್ಟು ಮಂದಿ ಇದ್ದಾರೋ ಎಂದು ಹುಡುಕಹೊರಟವಳಿಗೆ ತೋಡಿದಷ್ಟೂ ನೀರು. ಡಿಪೋದಲ್ಲಿ ಖಾಲಿ ಬಸ್ಸಿನೊಳಗೆ ಹಾಡುವ ಡ್ರೈವರು. ಬೀರುವಿನೊಳಗೆ ಕೋಟುಗಳ ನಡುವೆ ತೂರಿಕೊಂಡು ಹಾಡುವ ಅವಳಿ ಅಕ್ಕತಂಗಿಯರು. ಯಾವ ಕಂಪನಿಗೂ ಬೇಡವಾದವರು, ಎಷ್ಟೋ ಸಲ ತಮ್ಮ ಸಭೆಯವರಿಗೂ ಬೇಡವಾದವರು. ಅವರಿಗಾಗಿ ಅವಳು ಪ್ರತಿ ಬುಧವಾರ ಮಧ್ಯಾಹ್ನ ಇಂಟರ್ನೆಟ್ಟಿನಲ್ಲಿ ಒಂದು ಗಂಟೆಯ ರೇಡಿಯೋ ಶುರುಮಾಡಿದಳು. ಹೆಸರು 'ಹಿಂದಿನ ಬೆಂಚು.'

ಮೂರು ವಾರದ ಹಿಂದೆ ಆ ಬೆಂಚಿಗೆ ಬಂದದ್ದು ಬಟ್ಟೆಯ ಕವರು. ಅಂಟಿನ ಬದಲು ಹೊಲಿಗೆ. ಒಳಗೊಂದು ಮೆಮೊರಿ ಕಾರ್ಡು, ಒಂದು ಅಂಗಡಿಯ ವಿಳಾಸ. ಹಾಡು ಹೀಗಿತ್ತು: "ಹರಿದದ್ದ ಹೊಲಿಯುವ ಕರ್ತನೇ, ಸೂಜಿ ಚುಚ್ಚುವ ಹೊತ್ತಿಗೆ ನನ್ನ ಕೈ ಬಿಡಬೇಡ."

ಅಷ್ಟೇ. ಅವಳ ಕತೆ ಮುಗಿಯಿತು. ಆ ವಿಳಾಸದ ಅಂಗಡಿಯ ಬಾಗಿಲವರೆಗೂ ಎರಡು ಸಲ ಹೋಗಿ, ಒಳಗೆ ಕಾಲಿಡಲು ನೆವ ಸಿಗದೆ, ಹರಿಯದ ಬಟ್ಟೆಯನ್ನು ಕೈಯಲ್ಲೇ ಹಿಡಿದು ವಾಪಸ್ಸಾಗಿದ್ದಳು. ಕೊನೆಗೆ ಹಾಡನ್ನು ಚೊಕ್ಕ ಮಾಡಿ, ಕಂಪ್ಯೂಟರಿನಲ್ಲೂ ಕಾರ್ಡಿನಲ್ಲೂ ಇದ್ದ ಹಳೆಯದನ್ನು ಅಳಿಸಿ, ಕಾರ್ಡಿಗೆ ಹೊಸದನ್ನು ತುಂಬಿಸಿ, ಉಡುಗೊರೆಯೆಂಬಂತೆ ಅಂಚೆಗೆ ಹಾಕಿದ್ದಳು. ನಿನ್ನೆ ಬುಧವಾರ ಹಾಡು ರೇಡಿಯೋದಲ್ಲೂ ಬಂತು.

ಇವತ್ತು ಹಾಡಿದವನೇ ಬಂದು ಅಮ್ಮನನ್ನು ಕೇಳುತ್ತಿದ್ದಾನೆ.

"ನನ್ನ ಹಾಡಿನ ಹಿಂದೆ ಅಮ್ಮ ಗುನುಗ್ತಾ ಇದ್ರು," ಅಂದ ಅವನು. ಸಿಟ್ಟು ಅಷ್ಟರಲ್ಲಿ ಅರ್ಧ ಇಳಿದು ಬೇರೇನೋ ಆಗಿತ್ತು. "ಮೂವತ್ತು ವರ್ಷದಿಂದ ಮೆಷಿನ್ ತುಳೀತಾ ಗುನುಗೋದು ಅವರ ಅಭ್ಯಾಸ. ಅದೇ ನನಗೆ ಶ್ರುತಿ. ಮಾರನೇ ದಿನ ಗಂಟಲು ಆಪರೇಷನ್ ಇತ್ತು. ಅದಕ್ಕೇ ರೆಕಾರ್ಡ್ ಮಾಡಿದ್ದು. ಈಗ ಅಮ್ಮನಿಗೆ ದನಿ ಇಲ್ಲ. ಏನು ಹೇಳ್ಬೇಕಾದ್ರೂ ಚಾಕ್‌ಪೀಸ್ ತಗೊಂಡು ಬಟ್ಟೆ ಮೇಲೆ ಬರೀತಾರೆ."

ಜರಡಿ ಕೊರಳಿನ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟಳು.

"ನಿನ್ನೆ ಅಂಗಡಿ ಬಾಗಿಲು ಹಾಕಿ ಇಬ್ಬರೂ ರೇಡಿಯೋ ಮುಂದೆ ಕೂತಿದ್ವಿ. ಹಾಡು ಮುಗೀತು. ಅಮ್ಮ ಒಂದು ಪ್ಯಾಂಟಿನ ಬಟ್ಟೆ ಎಳ್ಕೊಂಡು ಬರೆದ್ರು. 'ನಾನೆಲ್ಲಿ?' ಅಂತ."

"ಫೋನಲ್ಲಿ ಇನ್ನೊಂದು ಕಾಪಿ..."

"ಫೋನಲ್ಲಿ ಜಾಗ ಇಲ್ಲ ಅಂತಲೇ ನೇರ ಕಾರ್ಡಿಗೆ ರೆಕಾರ್ಡ್ ಮಾಡಿದ್ದು. ಅದು ಇವತ್ತು ಬಂತು. ಅದರಲ್ಲೂ ಇಲ್ಲ."

ಏನಾಗಿತ್ತೆಂದು ಅವಳಿಗೆ ಹೊಳೆಯಲು ತಡವಾಗಲಿಲ್ಲ. ಹಾಡು ಶುರುವಾಗುವ ಮೊದಲಿನ ಹತ್ತು ಸೆಕೆಂಡನ್ನು ಕಂಪ್ಯೂಟರಿಗೆ ತೋರಿಸಿ, "ಇದೇ ಗಲಾಟೆ, ಹಾಡಿನ ಉದ್ದಕ್ಕೂ ಇದನ್ನು ತೆಗಿ," ಎನ್ನುವುದು ಈ ಕಸುಬಿನ ರೀತಿ. ಆ ಹತ್ತು ಸೆಕೆಂಡಿನಲ್ಲಿ ಹೊಲಿಗೆ ಮೆಷಿನ್ನಿನ ಟಕಟಕ ಇತ್ತು. ಅದರಡಿಯಲ್ಲಿ ಗುಂಯ್ ಎನ್ನುವ ಒಂದು ಸದ್ದು. ಮೋಟಾರಿನದು ಎಂದುಕೊಂಡಿದ್ದಳು. ಕಾಲಲ್ಲಿ ತುಳಿಯುವ ಮೆಷಿನ್ನಿಗೆ ಎಲ್ಲಿಯ ಮೋಟಾರು?

"ತೆಗೆದುಹಾಕಿದ್ದು ನಾನೇ. ಕ್ಷಮಿಸಿ ಅನ್ನೋಕೂ ನನಗೆ ಬಾಯಿಲ್ಲ," ಎಂದಳು.

ಅವನು ಬೈಯಲಿಲ್ಲ. ಗೋಡೆಗೆ ಒರಗಿ, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಗ ಅವಳಿಗೆ ಮಾವನ ಮಾತು ನೆನಪಾಯಿತು. ಕೆಲಸ ಕಲಿಸಿದ ಮೊದಲ ದಿನ ಹೇಳಿದ್ದ: "ಹೊಟ್ಟು ಎಸೆಯೋಕೆ ಮುಂಚೆ ಒಂದ್ಸಲ ಕೈಯಾಡಿಸಿ ನೋಡು, ಕಾಳು ಇದ್ದೀತು." ತೆಗೆದ ಸದ್ದನ್ನೆಲ್ಲ ಕಂಪ್ಯೂಟರು ಬೇರೊಂದು ಫೈಲಿನಲ್ಲಿ ಕೂಡಿಡುವಂತೆ ಮಾಡಿಟ್ಟಿದ್ದವನೂ ಅವನೇ.

"ಇರಿ!" ಎಂದು ಕಿರುಚಿದಳು. ಅವನು ಬೆಚ್ಚಿದ, ಒಂದು ಗುಂಡುಪಿನ್ನು ಕೆಳಗೆ ಬಿತ್ತು. "ಹೊಟ್ಟಿನ ಡಿಸ್ಕ್! ತೆಗೆದದ್ದನ್ನ ಎಸೆಯೋಕೆ ಮುಂಚೆ ಕೈಯಾಡಿಸಿ ನೋಡೋಕೆ ಅಂತ ಇಟ್ಟಿರೋದು. ಅದರಲ್ಲಿ ಇರಬಹುದು. ತುಂಬಿದ ಹಾಗೆ ಹಳೇದು ತಾನಾಗೇ ಅಳಿಸಿಹೋಗುತ್ತೆ, ಮೂರು ವಾರ ಆಗಿದೆ... ಇದ್ರೆ ನಮ್ಮ ಪುಣ್ಯ."

ಡಿಸ್ಕಿನಲ್ಲಿ ಹೆಸರಿಲ್ಲ, ಬರೀ ನಂಬರು. ಗಡಿಯಾರ ಕೆಟ್ಟಿದ್ದರಿಂದ ತಾರೀಕೂ ಎಲ್ಲ ತಪ್ಪು. ಒಟ್ಟು ನೂರಹದಿನೇಳು ಫೈಲು. ಒಂದೊಂದಾಗಿ ಕೇಳದೆ ಬೇರೆ ದಾರಿಯಿಲ್ಲ. ಸ್ಪೀಕರು ಇರುವ ಕೋಣೆಯಲ್ಲಿ ಮಾವ ಯಾರದೋ ಪಿಟೀಲು ರೆಕಾರ್ಡ್ ಮಾಡುತ್ತಿದ್ದ. ಇಲ್ಲಿದ್ದದ್ದು ಒಂದೇ ಹೆಡ್‌ಫೋನು. ಅದನ್ನು ತಿರುಗಿಸಿ, ಒಂದು ಬದಿ ಅವನ ಕಿವಿಗೆ, ಇನ್ನೊಂದು ಅವಳ ಕಿವಿಗೆ ಹಿಡಿದು ಕೂತರು. ಭುಜಕ್ಕೂ ಭುಜಕ್ಕೂ ನಡುವೆ ಒಂದಂಗುಲ ಜಾಗ. ಅವನು ದರ್ಜಿ, ಅಳತೆ ಅವನಿಗೆ ಚೆನ್ನಾಗಿ ಗೊತ್ತು. ಆ ಒಂದಂಗುಲವನ್ನು ಬಹಳ ಎಚ್ಚರಿಕೆಯಿಂದ ಕಾಪಾಡಿಕೊಂಡ.

ಬಕೆಟ್ ಎಳೆಯುವ ಸದ್ದು.

"ಇದು ನರ್ಸಮ್ಮನ ಹೊಸ ಹಾಡಲ್ವಾ?" ಎಂದ.

"ಹಾಡೇ ಇಲ್ಲವಲ್ಲ, ಹೇಗೆ ಗೊತ್ತಾಯ್ತು?"

"ಕಾಲು ನೋವಿರೋರು ಎಳೆಯೋ ಬಕೆಟ್ಟು. ಹಾಡಲ್ಲೂ ಒಂಚೂರು ಕೇಳಿತ್ತು." ಪಕ್ಕಕ್ಕೆ ತಿರುಗಿ ನೋಡಿದ. "ಎರಡು ವರ್ಷದಿಂದ ಒಂದು ಬುಧವಾರಾನೂ ಬಿಟ್ಟಿಲ್ಲ."

ಬಸ್ಸಿನ ಕಿಟಕಿಯ ಗಡಗಡ. ಬೀರುವಿನೊಳಗೆ ಹ್ಯಾಂಗರುಗಳ ಕಿಣಿಕಿಣಿ, ಅವಳಿಗಳಲ್ಲೊಬ್ಬಳ ತಡೆಹಿಡಿದ ನಗು. ಎಲ್ಲೋ ಒಂದು ನಾಯಿಯ ಆಕಳಿಕೆ. ಇಷ್ಟು ದಿನ ತಾನು ಗುಡಿಸಿ ಹಾಕಿದ್ದೆಲ್ಲ ಯಾರದೋ ಮನೆಯಾಗಿತ್ತು, ಯಾರದೋ ದಿನವಾಗಿತ್ತು ಎಂದು ಜರಡಿಗೆ ಅನಿಸಿತು. ಹಾಡು ಕಳಿಸಿದವರು ಬಾಗಿಲು ತೆರೆದು ಒಳಗೆ ಕರೆದಿದ್ದರು. ಇವಳು ಒಳಗೆ ಹೋಗಿ ಕಸ ಗುಡಿಸಿ ಬಂದಿದ್ದಳು.

"ಒಂದು ಕೇಳಲಾ?" ಎಂದ ಅವನು, ಎಪ್ಪತ್ತನೆಯ ಫೈಲಿನ ಹೊತ್ತಿಗೆ. "ಹೊಟ್ಟಲ್ಲಿ ಕೈಯಾಡಿಸಿ ನೋಡ್ತೀನಿ ಅಂತೀರಲ್ಲ. ನನ್ನ ಹಾಡಿಗೆ ಯಾಕೆ ನೋಡ್ಲಿಲ್ಲ?"

ಸುಳ್ಳು ಹೇಳಬಹುದಿತ್ತು. ಕೆಲಸ ಜಾಸ್ತಿ ಇತ್ತು ಅನ್ನಬಹುದಿತ್ತು. ಅವಳು ಪರದೆಯನ್ನೇ ನೋಡುತ್ತ ಹೇಳಿದಳು, "ಆವತ್ತು ನಿಮ್ಮ ದನಿ ಬಿಟ್ಟು ಬೇರೇನೂ ಕೇಳೋದು ನನಗೆ ಬೇಕಿರಲಿಲ್ಲ."

ಓರೆಗಣ್ಣಲ್ಲಿ ನೋಡಿದರೆ ಅವನ ಕಿವಿಯ ತುದಿ ಕೆಂಪಗಾಗಿತ್ತು. ಒಂದಂಗುಲ ಈಗ ಅರ್ಧ ಅಂಗುಲವಾಗಿತ್ತು, ಯಾರು ಸರಿದರೋ ಹೇಳುವುದು ಕಷ್ಟ.

ಎಂಬತ್ತು ದಾಟಿತು. ತೊಂಬತ್ತು ದಾಟಿತು. ನೂರೂ ದಾಟಿತು. ಆ ತಾಯಿಗೆ ಏನು ಮುಖ ತೋರಿಸುವುದು? ಇವನು ಒಳ್ಳೆಯವನು, ಕ್ಷಮಿಸಿಯೂ ಬಿಟ್ಟಾನು. ಆದರೆ ಜೀವನಪೂರ್ತಿ ಇವಳನ್ನು ನೋಡಿದಾಗಲೆಲ್ಲ ಅವನಿಗೆ ನೆನಪಾಗುವುದು ಅದೊಂದೇ. ಕರ್ತನೇ, ಸೂಜಿ ಚುಚ್ಚುವ ಹೊತ್ತಿಗೆ ಕೈ ಬಿಡಬೇಡ, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಎಷ್ಟೋ ಕಾಲದ ಮೇಲೆ ತಾನು ಪ್ರಾರ್ಥನೆ ಮಾಡಿದೆನೆಂಬುದು ಅವಳಿಗೆ ಗೊತ್ತಾಗಲಿಲ್ಲ.

ನೂರಹನ್ನೊಂದು. ಟಕಟಕ, ಟಕಟಕ. ಮೇಜಿನ ಮೇಲೆ ಕತ್ತರಿ ಇಟ್ಟ ಸದ್ದು.

ಅವನು ಅವಳ ಮಣಿಕಟ್ಟು ಹಿಡಿದ.

ಮೆಷಿನ್ನಿನ ಅಡಿಯಿಂದ ಒಂದು ಗುನುಗು ಎದ್ದಿತು. ಮೂರೇ ಸ್ವರ. ಏರಿ, ನಿಂತು, ಇಳಿದು, ದಾರ ಮುಗಿದಾಗ ನಿಲ್ಲಿಸಿ, ಮತ್ತೆ ಅಲ್ಲಿಂದಲೇ ಹಿಡಿದುಕೊಳ್ಳುವ ಗುನುಗು. ಮಗನ ದನಿ ಇಲ್ಲವೇ ಇಲ್ಲ. ಅಮ್ಮ ಒಬ್ಬಳೇ.

"ಅಮ್ಮ ಇಷ್ಟು ಚೆನ್ನಾಗಿ..." ಅವನು ಹೆಡ್‌ಫೋನಿಗೆ ಕಿವಿಯನ್ನು ಇನ್ನಷ್ಟು ಒತ್ತಿಕೊಂಡ. "ಯಾವಾಗಲೂ ನಾನೇ ಮೇಲೆ ಹಾಡ್ತಿದ್ದೆ. ಅವರನ್ನ ಒಬ್ಬರನ್ನೇ ಕೇಳೇ ಇರಲಿಲ್ಲ."

ಹೋದ ಜೀವ ಬಂದಂತಾಗಿ ಜರಡಿ ಕುರ್ಚಿಗೆ ಒರಗಿದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಕಾಳನ್ನೂ ಹೊಟ್ಟನ್ನೂ ಮತ್ತೆ ಒಂದೇ ಮೊರಕ್ಕೆ ಸುರಿದಂತೆ ಎರಡು ಫೈಲನ್ನೂ ಒಂದರ ಮೇಲೊಂದು ಕೂರಿಸಿದಳು. ಐದು ನಿಮಿಷದ ಕೆಲಸ. ಹಾಡು ಮೊದಲಿನಂತೆ, ಗದ್ದಲದೊಂದಿಗೆ, ಅಮ್ಮನೊಂದಿಗೆ ಎದ್ದು ನಿಂತಿತು. ಅಷ್ಟೂ ಹೊತ್ತು ಅವನು ಮಣಿಕಟ್ಟು ಬಿಟ್ಟಿರಲಿಲ್ಲ. ಒಂದೇ ಕೈಯಲ್ಲಿ ಕೆಲಸ ಮಾಡುವುದು ಅವಳಿಗೂ ಕಷ್ಟವೆನಿಸಲಿಲ್ಲ.

"ನಾನ್ಯಾಕೆ ನಿಮಗೆ ಹಾಡು ಕಳಿಸಿದೆ ಗೊತ್ತಾ?" ಎಂದ. "ಹಾಡು ಮುಗಿದ ಮೇಲೆ ನೀವು ತಕ್ಷಣ ಮಾತಾಡಲ್ಲ. ಒಂದು ಉಸಿರು ಬಿಡ್ತೀರಿ. ಆಮೇಲೇ ಮಾತು. ನನ್ನ ಹಾಡಿಗೂ ಆ ಉಸಿರು ಸಿಗಲಿ ಅಂತ ಆಸೆ ಇತ್ತು."

"ನಿನ್ನೆ ಸಿಕ್ಕಿತಾ?"

"ಎರಡು ಸಿಕ್ಕಿತು. ನಾನು ಎಣಿಸ್ಕೊಂಡಿದ್ದೀನಿ."

ಅಂಗಡಿಗೆ ಇಬ್ಬರೂ ಒಟ್ಟಿಗೇ ಹೋದರು. ಕಿಟಕಿಯ ಪಕ್ಕ ಮೆಷಿನ್ನು, ಅದರ ಹಿಂದೆ ಬೆಳ್ಳಿಕೂದಲಿನ ತಾಯಿ, ಕೊರಳಿಗೆ ಸುತ್ತಿದ ತೆಳು ಸ್ಕಾರ್ಫು. ಜರಡಿ ಬಾಯಿ ತೆರೆದು ತಪ್ಪೊಪ್ಪಿಕೊಳ್ಳುವ ಮೊದಲೇ ಆಕೆ ಕೈಯೆತ್ತಿ ತಡೆದರು. ಮೊದಲು ಹಾಡು, ಆಮೇಲೆ ಮಾತು ಎಂಬಂತೆ.

ಮಗ ಹಾಡು ಹಾಕಿದ. ಮೊದಲ ಟಕಟಕಕ್ಕೇ ತಾಯಿಯ ಕಾಲು ತನ್ನಷ್ಟಕ್ಕೆ ಪೆಡಲಿನ ಮೇಲೆ ಆಡತೊಡಗಿತು. ಗುನುಗು ಬಂದಾಗ ಆಕೆ ಕಣ್ಣು ಮುಚ್ಚಿದರು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಹೊರಡಬೇಕಾದ ಅಗತ್ಯವೂ ಈಗ ಇರಲಿಲ್ಲ, ಅದು ಕೋಣೆಯ ತುಂಬ ಇತ್ತು.

ಹಾಡು ಮುಗಿದ ಮೇಲೆ ಆಕೆ ನೀಲಿ ಬಟ್ಟೆಯೊಂದನ್ನು ಎಳೆದುಕೊಂಡು ಚಾಕ್‌ಪೀಸಿನಲ್ಲಿ ಬರೆದರು: "ಎರಡನೇ ಸಾಲಲ್ಲಿ ನೀನು ಶ್ರುತಿ ತಪ್ಪಿದ್ದೀಯ. ನಾನು ತಪ್ಪಿಲ್ಲ."

ಮಗ ನಕ್ಕ. ಮೂವರೂ ನಕ್ಕರು, ಒಬ್ಬರ ನಗುವಿಗೆ ಸದ್ದಿರಲಿಲ್ಲ. ಜರಡಿ ಕಣ್ಣೊರೆಸಿಕೊಂಡು, "ಅಮ್ಮಾ, ನನ್ನಿಂದ ದೊಡ್ಡ ತಪ್ಪಾಯ್ತು," ಎಂದಳು.

ತಾಯಿ ಅವಳನ್ನು ದಿಟ್ಟಿಸಿದರು. ಮತ್ತೆ ಚಾಕ್‌ಪೀಸ್ ಓಡಿತು: "ಎರಡು ಸಲ ಬಾಗಿಲ ತನಕ ಬಂದು ಒಳಗೆ ಬರದೆ ಹೋದ ಹುಡುಗಿ ಇವಳೇ."

"ಎರಡು ಸಲ?" ಮಗನ ಹುಬ್ಬು ಮೇಲೇರಿತು. "ಯಾಕೆ?"

"ಹೊಲಿಸೋಕೆ ಬಟ್ಟೆ ತಂದಿದ್ದೆ," ಎಂದಳು ಜರಡಿ, ನೆಲ ನೋಡುತ್ತ. "ಹರಿದಿರಲಿಲ್ಲ."

ತಾಯಿ ಎದ್ದರು. ಮಗನ ಕೊರಳಿನಿಂದ ಟೇಪನ್ನು ಎಳೆದುಕೊಂಡು, ಕೇಳದೆಯೇ ಅವಳ ಭುಜದ ಅಳತೆ ತೆಗೆದರು. ಆಮೇಲೆ ತೋಳಿನದು. ನೀಲಿ ಬಟ್ಟೆಯ ಅಂಚಿನಲ್ಲಿ ಅಳತೆ ಬರೆದುಕೊಂಡರು.

"ಅಮ್ಮ, ಇದ್ಯಾವುದಕ್ಕೆ?" ಎಂದ ಮಗ.

ಆಕೆ ಬರೆದರು: "ಮದುವೆ ಗೌನಿಗೆ. ಬಿಳಿ ಬಟ್ಟೆ ಬೀರುವಿನಲ್ಲಿ ಎಂಟು ವರ್ಷದಿಂದ ಕಾಯುತ್ತಿದೆ. ಬಾಯಿರುವವನು ನೀನು, ಕೇಳು."

ಕೆಂಡದ ಕಣ್ಣಿನ ಆಳು ಈಗ ಬಾಲ ಸುಟ್ಟ ಬೆಕ್ಕಿನ ಹಾಗೆ ನಿಂತಲ್ಲಿ ನಿಲ್ಲಲಾರದೆ, ಜೇಬಿನ ಗುಂಡುಪಿನ್ನುಗಳನ್ನು ಒಂದೊಂದೇ ಮುಟ್ಟಿ ನೋಡಿಕೊಂಡ. "ಭಾನುವಾರ ಪ್ರಾರ್ಥನೆ ಮುಗಿದ ಮೇಲೆ... ನಿಮ್ಮ ಮಾವನ ಹತ್ತಿರ ಬಂದು ಮಾತಾಡಲಾ? ನಿಮಗೆ ಇಷ್ಟ ಇದ್ರೆ ಮಾತ್ರ."

ಅವಳು ತಕ್ಷಣ ಮಾತಾಡಲಿಲ್ಲ. ಒಂದು ಉಸಿರು ಬಿಟ್ಟಳು. ಅವನು ಕಾದ.

"ಬನ್ನಿ," ಎಂದಳು.

ತಾಯಿ ಆಗಲೇ ಬೀರುವಿನ ಕೀಲಿ ಹುಡುಕುತ್ತಿದ್ದರು.