ಒಂಬತ್ತನೆಯ ಫಾರಂ

"ಡೆಸ್ಕಿನ ಕೆಳಗೆ ಏನದು? ತಾ ಇಲ್ಲಿ."

ಗಣಿತದ ಮಿಸ್ ಕೈ ಚಾಚಿದಾಗ ಮೆಣಸು ಕೋಟೆಯ ಬಾಗಿಲಲ್ಲಿದ್ದಳು. ಅಂದರೆ, ಮೈ ಮಾತ್ರ ಐದನೇ ತರಗತಿಯ ಮೂರನೇ ಬೆಂಚಿನಲ್ಲಿತ್ತು. ಕಬ್ಬಿಣ ಜಡೆಯ ಸೇನಾನಿ ಆಗಷ್ಟೇ ಬಾಗಿಲನ್ನು ಒದ್ದು ಮುರಿದಿದ್ದಳು. ಅವಳ ಜಡೆಯಲ್ಲಿ ಏಳು ಚೂರಿಗಳು. ಕತ್ತಿಯ ತುದಿ ಶತ್ರುರಾಜನ ಮಗನ ಕೊರಳ ಮೇಲೆ. ಅವಳು ಪ್ರೀತಿಸುತ್ತಿದ್ದದ್ದೂ ಅವನನ್ನೇ. ಅದು ಬೇರೆ ತಾಪತ್ರಯ. ಪ್ರೀತಿ ಬಂದ ಪುಟಗಳನ್ನು ಮೆಣಸು ಓಡೋಡಿ ದಾಟುತ್ತಿದ್ದಳು, ಯುದ್ಧ ಬಂದಲ್ಲಿ ನಿಂತು ಓದುತ್ತಿದ್ದಳು.

ಆಳು ಗಿಡ್ಡ, ಬಾಯಿ ಖಾರ. ಹಾಗಾಗಿ ಮೆಣಸು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

"ಇದೇನು, ಪುಸ್ತಕವೋ ಪುಸ್ತಕದ ಚೂರೋ? ನೂರ ಇಪ್ಪತ್ತೊಂಬತ್ತನೇ ಪುಟದಿಂದ ಶುರುವಾಗುತ್ತೆ!"

"ಫಾರಂ ಮಿಸ್. ಹದಿನಾರು ಪುಟದ ಕಟ್ಟು. ಇದು ಒಂಬತ್ತನೇದು."

ಮಿಸ್ ಎರಡು ಪುಟ ತಿರುವಿದರು. "ಅಯ್ಯೋ, ಬರೀ ತಲೆ ಉರುಳೋದೇ ಇದೆಯಲ್ಲೇ ಇದರಲ್ಲಿ!"

"ನಲವತ್ತೊಂದು ಮಿಸ್, ಇಲ್ಲಿವರೆಗೆ."

"ಅದನ್ನ ಮಾತ್ರ ಸರಿಯಾಗಿ ಎಣಿಸ್ತೀಯ. ಭಿನ್ನರಾಶಿ ಲೆಕ್ಕ ಹತ್ತು ಕೊಡ್ತೀನಿ. ಶಾಲೆ ಬಿಟ್ಟ ಮೇಲೆ ಕೂತು ಮುಗಿಸು, ಆಮೇಲೆ ಸ್ಟಾಫ್ ರೂಮಿಗೆ ಬಾ."

ಮೆಣಸುವಿನ ಅಮ್ಮ ಪುಸ್ತಕದ ಬೈಂಡರ್. ಲೈಬ್ರರಿಯಲ್ಲಿ ಹರಿದ ಪುಸ್ತಕಗಳು ಅವಳ ಅಂಗಡಿಗೆ ಬರುತ್ತವೆ. ಅವನ್ನು ಬಿಚ್ಚಿ, ಫಾರಂ ಫಾರಂ ಬೇರೆ ಮಾಡಿ, ಹೊಸದಾಗಿ ಹೊಲಿದು ರಟ್ಟು ಕಟ್ಟುತ್ತಾಳೆ. 'ಕಬ್ಬಿಣ ಜಡೆ' ಕಾದಂಬರಿಯ ಎರಡನೇ ಭಾಗಕ್ಕೆ ಲೈಬ್ರರಿಯಲ್ಲಿ ಹತ್ತು ಜನರ ಸಾಲಿತ್ತು. ಅಂಥ ಪುಸ್ತಕ ಬೆನ್ನು ಮುರಿದುಕೊಂಡು ತಮ್ಮ ಮೇಜಿನ ಮೇಲೇ ಬಂದು ಮಲಗಿದರೆ, ಮೊದಲ ಭಾಗವನ್ನು ಮೂರು ಸಲ ಓದಿದವಳು ಸುಮ್ಮನಿರುತ್ತಾಳೆಯೇ? ಎಂಟು ಫಾರಂ ಅಂಗಡಿಯ ಮೂಲೆಯಲ್ಲೇ ಮುಗಿದವು. ಒಂಬತ್ತನೆಯದು ಈ ಬೆಳಿಗ್ಗೆ ಚೀಲ ಸೇರಿತು. ಕಟ್ಟು ತೆಳ್ಳಗೆ ಕಾಣಬಾರದೆಂದು ಅದರ ಜಾಗದಲ್ಲಿ ಕೋಳಿ ಸಾಕಾಣಿಕೆ ಪುಸ್ತಕದ ಒಂದು ಫಾರಂ ಸೇರಿಸಿ ಬಂದಿದ್ದಳು. ಮೂರೂವರೆಗೆ ಶಾಲೆ ಬಿಡುತ್ತದೆ, ನಾಲ್ಕಕ್ಕೆ ಅಮ್ಮ ಹೊಲಿಯಲು ಕೂರುತ್ತಾಳೆ, ಐದಕ್ಕೆ ಲೈಬ್ರರಿಯವರು ಬರುತ್ತಾರೆ. ಪ್ಲ್ಯಾನಿನಲ್ಲಿ ಒಂದು ತೂತೂ ಇರಲಿಲ್ಲ.

ಆದರೆ ಭಿನ್ನರಾಶಿ ಮುಗಿಯುವಾಗ ನಾಲ್ಕೂಕಾಲು.

ಸ್ಟಾಫ್ ರೂಮಿನಲ್ಲಿ ಮಿಸ್‌ನ ಚಹಾ ಕೆನೆಗಟ್ಟಿತ್ತು. ಮಿಸ್ ಕೊನೆಯ ಪುಟದಲ್ಲಿದ್ದರು.

"ಇಲ್ಲಿಗೇ ನಿಂತುಹೋಯ್ತಲ್ಲೇ! ಕೊಲ್ತಾಳಾ, ಬಿಡ್ತಾಳಾ?"

"ಹತ್ತನೇ ಫಾರಂ ಅಂಗಡೀಲಿದೆ ಮಿಸ್."

ಮಿಸ್ ಮುಖ ಗಂಟಿಕ್ಕಿಕೊಂಡರು. "ನಾನು ಸುಮ್ನೆ ಏನಿದೆ ಅಂತ ನೋಡ್ತಿದ್ದೆ, ಅಷ್ಟೇ. ಅಮ್ಮಂಗೆ ಗೊತ್ತಾ ಇದು?"

"ಗೊತ್ತಾಗೋದ್ರೊಳಗೆ ವಾಪಸ್ ಇಟ್ಬಿಡ್ತೀನಿ."

ಮಿಸ್ ಗಡಿಯಾರ ನೋಡಿದರು, ಅವಳನ್ನು ನೋಡಿದರು, ಫಾರಂ ಕೊಟ್ಟರು. "ಓಡು."

ಓಡುತ್ತಲೇ ಮೆಣಸು ಒಂದು ಸುಳ್ಳನ್ನು ತಯಾರು ಮಾಡಿದಳು: 'ಮೇಜಿನ ಕೆಳಗೆ ಬಿದ್ದಿತ್ತು ಅಮ್ಮಾ!' ಅದಕ್ಕೊಪ್ಪುವ ಮುಖವನ್ನು ಕ್ಷೌರದಂಗಡಿಯ ಗಾಜಿನಲ್ಲಿ ಪರೀಕ್ಷಿಸಿದಳು. ಹುಬ್ಬು ಮೇಲೆ, ಬಾಯಿ ಸ್ವಲ್ಪ ತೆರೆದು. ಚೆನ್ನಾಗಿತ್ತು.

ಅಂಗಡಿಯಲ್ಲಿ ಲೈಬ್ರರಿ ಮಾಮ ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಸೂಜಿ ಮೇಣದುಂಡೆಗೆ ಚುಚ್ಚಿಕೊಂಡೇ ಇತ್ತು. ಅಮ್ಮ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ ನೆಟ್ಟಗೆ ನಿಂತಿದ್ದಳು.

"ಒಂದು ಫಾರಂ ಕಾಣ್ತಿಲ್ಲ ಸಾರ್. ನನ್ನ ಕೈಯಲ್ಲೇ ಹೋಗಿದೆ. ತಪ್ಪು ನಂದು."

"ನಿಮ್ಮ ಕೈಯಲ್ಲಾ? ಹದಿನಾಲ್ಕು ವರ್ಷದಿಂದ ಒಂದು ಹಾಳೆ ತಪ್ಪಿಲ್ಲವಲ್ಲಕ್ಕಾ ನಿಮ್ಮಿಂದ!"

"ಈಗ ತಪ್ಪಿದೆ. ಇನ್ಮೇಲೆ ಬೇರೆ ಕಡೆ ಕೊಡ್ತೀನಿ ಅಂದ್ರೂ ನಾನೇನೂ ಅನ್ನಲ್ಲ."

ಮಾಮ ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಬಾಗಿಲಿನಿಂದ ಮೇಜಿನ ಕೆಳಗಿನವರೆಗೆ ಮೂರೇ ಹೆಜ್ಜೆ. ಚೀಲ ಬೀಳಿಸಬೇಕು, ಬಗ್ಗಬೇಕು, 'ಸಿಕ್ತು!' ಅನ್ನಬೇಕು. ಮುಖವೂ ಸಿದ್ಧವಿತ್ತು. ಆದರೆ ಅಮ್ಮ ಹಾಗೆ ನಿಂತಿರುವಾಗ ಬಗ್ಗಲು ಆಗಲಿಲ್ಲ.

"ತಪ್ಪು ಅಮ್ಮಂದಲ್ಲ ಮಾಮ. ನಾನೇ ತಗೊಂಡು ಹೋಗಿದ್ದೆ, ಹೇಳದೆ. ಕೋಳೀದು ಸೇರಿಸಿಟ್ಟಿದ್ದೂ ನಾನೇ."

ದನಿ ಸೇನಾನಿಯದಕ್ಕಿಂತ ತುಂಬಾ ಸಣ್ಣದಾಗಿತ್ತು. ಬಂದದ್ದಂತೂ ನಿಜ. ಚೀಲದಿಂದ ಒಂಬತ್ತನೇ ಫಾರಂ ತೆಗೆದು ಮೇಜಿನ ಮೇಲಿಟ್ಟಳು.

"ಕೋಳೀದಾ?" ಮಾಮ ಕನ್ನಡಕ ಹಾಕಿಕೊಂಡರು.

ಅಮ್ಮ ಕೋಳಿಯ ಫಾರಮನ್ನು ಅವರತ್ತ ತಳ್ಳಿದಳು. "ಹೌದು ಸಾರ್. ಕೋಟೆಗೆ ನುಗ್ಗೋಕೆ ಹೊರಟ ಸೇನಾನಿ, ಪುಟ ತಿರುಗಿಸೋದ್ರೊಳಗೆ ಕೋಳಿಮರಿಗಳಿಗೆ ನೀರಿಡ್ತಿದ್ಲು."

ಮಾಮ ನಕ್ಕ ರಭಸಕ್ಕೆ ಸ್ಟೂಲು ಕಿರುಗುಟ್ಟಿತು. ಚಹಾ ಕುಡಿದು ಆರಕ್ಕೆ ಬರುತ್ತೇನೆ ಎಂದು ಎದ್ದರು. ಬಾಗಿಲಲ್ಲಿ ತಿರುಗಿ, "ನಿನ್ನ ಹೆಸರೂ ಸಾಲಿಗೆ ಬರ್ಕೊಳ್ಳಲಾ? ನೀನು ಹನ್ನೆರಡನೆಯವಳು," ಎಂದರು.

"ಹತ್ತೇ ಜನ ಇದ್ರಲ್ಲ?"

"ಈಗ ಹತ್ತು ನಿಮಿಷದ ಹಿಂದೆ ಯಾರೋ ಗಣಿತದ ಮೇಡಂ ಫೋನ್ ಮಾಡಿ ಹೆಸರು ಬರೆಸಿದ್ರು. ಬೇಗ ಸಿಗುತ್ತಾ ಅಂತ ಎರಡು ಸಲ ಕೇಳಿದ್ರು."

ಮಾಮ ಹೋದ ಮೇಲೆ ಅಂಗಡಿಯಲ್ಲಿ ಅಂಟಿನ ವಾಸನೆ ಮಾತ್ರ ಉಳಿಯಿತು.

"ನಿಂಗೆ ಹೇಗೆ ಗೊತ್ತಾಯ್ತಮ್ಮಾ?"

ಅಮ್ಮ ಫಾರಂಗಳನ್ನು ಜೋಡಿಸಿ ಬೆನ್ನನ್ನು ಅವಳತ್ತ ತಿರುಗಿಸಿದಳು. ಪ್ರತಿ ಫಾರಮಿನ ಮಡಿಕೆಯ ಮೇಲೂ ಒಂದು ಪುಟ್ಟ ಕಪ್ಪು ಗುರುತು, ಹಿಂದಿನದಕ್ಕಿಂತ ಕೊಂಚ ಕೆಳಗೆ. ಎಲ್ಲ ಸೇರಿ ಮೆಟ್ಟಿಲಿನ ಹಾಗೆ ಇಳಿಯುತ್ತಿದ್ದವು. ಎಂಟಾದ ಮೇಲೆ ಒಂದು ಮೆಟ್ಟಿಲು ಇರಲಿಲ್ಲ.

"ಬೆಳಿಗ್ಗೆ ಹತ್ತಕ್ಕೇ ಕಂಡಿತ್ತು. ನೀನೇ ಬಂದು ಹೇಳ್ತೀಯೇನೋ ಅಂತ ಕಾದೆ. ಅಷ್ಟರಲ್ಲಿ ಅವರು ಬಂದ್ರು."

"ಗೊತ್ತಿದ್ದೂ ನಿನ್ನ ತಪ್ಪು ಅಂತ ಯಾಕೆ ಹೇಳ್ದೆ?"

"ಅಂಗಡಿ ಯಾರದು?"

ಅಷ್ಟೇ ಹೇಳಿ ಅಮ್ಮ ದಾರಕ್ಕೆ ಮೇಣ ಸವರಿದಳು. ಎಂಟು ಫಾರಂ ಸರಸರನೆ ಹೊಲಿದಳು. ಆಮೇಲೆ ಸೂಜಿಯನ್ನು ಮೆಣಸುವಿನ ಕಡೆ ನೀಡಿದಳು. ಲೈಬ್ರರಿಯ ಪುಸ್ತಕಕ್ಕೆ ಅವಳಿಗೆ ಸೂಜಿ ಸಿಕ್ಕಿದ್ದು ಅದೇ ಮೊದಲು.

"ಒಂಬತ್ತನೇದು ನೀನು ಹೊಲಿ. ಬಿಗಿಯಾಗಿ ಎಳಿ. ಇನ್ನೂ ನೂರು ಜನ ಓದಬೇಕು."

ಮೆಣಸು ಹೊಲಿದಳು. ಒಂದು ಕಡೆ ಬೆರಳಿಗೂ ಚುಚ್ಚಿಕೊಂಡಳು, ಹೇಳಲಿಲ್ಲ. ಹತ್ತನೇ ಫಾರಂ ಪಕ್ಕದಲ್ಲೇ ಇತ್ತು. ಅತ್ತ ನೋಡಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲ ಸಾಲನ್ನು ಓದಿದಳು. ಸೇನಾನಿ ಕತ್ತಿಯನ್ನು ಒರೆಗೆ ಸೇರಿಸಿದ್ದಳು.

ಬೆಳಿಗ್ಗೆ ಓದಿದ್ದರೆ 'ಛೇ' ಅನ್ನುತ್ತಿದ್ದಳು. ಈಗ ಅನ್ನಲಿಲ್ಲ. ಫಾರಮನ್ನು ಅಮ್ಮನ ಕಡೆ ಸರಿಸಿ, ಹೊಲಿದ ಬೆನ್ನಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬೆರಳು ಇಳಿಸಿದಳು.

ಏಳು, ಎಂಟು, ಒಂಬತ್ತು. ಬೆರಳು ಎಲ್ಲೂ ಎಡವಲಿಲ್ಲ.