ಸತ್ತವನ ಸೀಟು

"ಬೆಲ್ಟ್ ಬಿಚ್ಚು! ಇಳಿ ಕೆಳಗೆ!" ಎಂದ ವೆಲ್ಡರ್.

ಇಳಿಯುವುದೆಲ್ಲಿಗೆ? ನನ್ನ ಕಡೆಯ ಮುಂದಿನ ಚಕ್ರ ಗಾಳಿಯಲ್ಲಿತ್ತು. ಅದರ ಕೆಳಗೆ... ಏನೂ ಇರಲಿಲ್ಲ! ಉಳಿದ ಮೂರು ಚಕ್ರಗಳು ಬಂಡೆಯನ್ನು ಕಚ್ಚಿ ಹಿಡಿದಿದ್ದವು.

ಅವನ ಒಂದು ಕೈ ಸ್ಟೀರಿಂಗ್ ಮೇಲೆ. ಇನ್ನೊಂದರಲ್ಲಿ ಸ್ಪ್ಯಾನರ್.

"ನೀನು ಕೂತಿರೋ ಸೀಟು ಯಾರದ್ದು ಗೊತ್ತಾ?"

"ಗೊತ್ತು. ಸತ್ತವನದ್ದು."

"ಮತ್ತೆ ಏಳು! ಅವನಿಗೆ ಜಾಗ ಬಿಡು!"

ತಮಾಷೆಗೆ ಹೇಳಿದ್ದಲ್ಲ. ಅವನ ಕಣ್ಣು ನನ್ನನ್ನು ನೋಡುತ್ತಲೇ ಇರಲಿಲ್ಲ.

ನನ್ನದು ಪತ್ತೇದಾರಿ ಕಸುಬು. ಪೊಲೀಸರು ಮುಚ್ಚಿಟ್ಟ ಫೈಲನ್ನು ಕೆದಕುವುದು. ಈ ಸಲ ಬಂದವಳು ಒಬ್ಬ ಅಕ್ಕ. ಅವಳ ತಮ್ಮ ಬಂಡೆ ಹತ್ತುವ ರೇಸುಗಳ ಡ್ರೈವರ್. ಜೀಪಿನ ಸಮೇತ ಪ್ರಪಾತಕ್ಕೆ ಬಿದ್ದು ಸತ್ತ. ಆತ್ಮಹತ್ಯೆ ಎಂದು ಷರಾ ಬರೆದು ಕೈ ತೊಳೆದುಕೊಂಡರು. ನುಜ್ಜುಗುಜ್ಜಾದ ಜೀಪನ್ನು ತಮ್ಮನ ಜೀವದ ಗೆಳೆಯ ವೆಲ್ಡರ್ ಕೇಳಿ ಪಡೆದಿದ್ದ.

"ಅವನಾಗೇ ಹಾರಿದ್ನಾ, ಇಲ್ವಾ? ಅಷ್ಟು ಹೇಳಿ ಸರ್, ಸಾಕು," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಇನ್ನೊಂದು... ಸಂಜೆ ಹೊತ್ತು ಅವನ ಜೀಪು ಗೇಟಿನ ಹತ್ರ ಬಂದು ನಿಲ್ಲುತ್ತೆ. ಹೊರಗೆ ಹೋಗಿ ನೋಡೋಕೆ ಭಯ. ಆದ್ರೆ ಆ ಇಂಜಿನ್ ಸದ್ದು ನಂಗೆ ಗೊತ್ತಾಗಲ್ವಾ?"

ದೆವ್ವಗಳು ಪೆಟ್ರೋಲ್ ಹಾಕಿಸುವುದಿಲ್ಲ. ಗೇಟಿನ ಹಿಂದೆ ಕಾದು ನಿಂತೆ.

ಬಂತು!

ಜೀಪಿನ ಗುರುತೇ ಇರಲಿಲ್ಲ. ಬಾಡಿ ಮಾಯ. ಅದರ ಜಾಗದಲ್ಲಿ ದಪ್ಪ ಪೈಪುಗಳ ಪಂಜರ. ಸೊಂಟದೆತ್ತರದ ಟೈರು. ಬಂಡೆ ಹತ್ತಲೆಂದೇ ಕಟ್ಟಿದ ರಾಕ್ ಕ್ರಾಲರ್! ಹಳೆಯದೆಂದು ಉಳಿದಿದ್ದು ಎರಡೇ. ಇಂಜಿನ್... ಮತ್ತು ಸತ್ತವನು ಕೂರುತ್ತಿದ್ದ ಹರಿದ ಸೀಟು, ಈಗ ಡ್ರೈವರ್ ಪಕ್ಕದಲ್ಲಿ.

ವೆಲ್ಡರ್ ಆ ಖಾಲಿ ಸೀಟಿನ ಕಡೆ ತಿರುಗಿ ಕೈ ಮುಗಿಯುತ್ತಿದ್ದ.

"ಮನೆ ಬಂತು ಕಣೋ. ಇಳಿ. ನಿನ್ನ ದಮ್ಮಯ್ಯ ಅಂತೀನಿ... ಇಳಿಯೋ!"

ಎಷ್ಟೋ ಹೆಣ ನೋಡಿದವನು ನಾನು. ಆದರೂ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ.

ಮರುದಿನ ಅವನಿಲ್ಲದಾಗ ಅವನ ವೆಲ್ಡಿಂಗ್ ಶೆಡ್ಡಿಗೆ ನುಗ್ಗಿದೆ. ಗುಜರಿ ರಾಶಿಯಲ್ಲಿ ಹಳೆಯ ಜೀಪಿನ ಸ್ಟೀರಿಂಗ್ ರಾಡ್ ಸಿಕ್ಕಿತು. ವೆಲ್ಡಿಂಗ್ ಮಾಡಿದ ಜಾಗದಲ್ಲೇ ಅದು ತುಂಡಾಗಿತ್ತು. ಮೇಲೆ ನೋಡಿದರೆ ಮುತ್ತು ಪೋಣಿಸಿದಂಥ ಕೆಲಸ. ಒಳಗೆ ಕಬ್ಬಿಣ ಕಬ್ಬಿಣಕ್ಕೆ ಅಂಟಿಯೇ ಇರಲಿಲ್ಲ. ಮೇಲೆ ಥಳುಕು, ಒಳಗೆ ಹುಳುಕು!

ಆದರೆ ಅದರಿಂದೇನು? "ಕೆಲಸ ಕೆಟ್ಟಿತ್ತು" ಎಂದು ಅವನು ಅಂದುಬಿಟ್ಟರೆ ಮುಗಿಯಿತು. ನಿಜ ಅವನ ಬಾಯಿಂದಲೇ ಹೊರಬರಬೇಕಿತ್ತು.

ಆ ಸಂಜೆ ಅಕ್ಕನಿಗೆ ಫೋನು ಮಾಡಿ, ಕರೆ ಕತ್ತರಿಸದೆ ಜೇಬಿಗೆ ಹಾಕಿಕೊಂಡೆ. ಗಾಡಿ ಗೇಟಿಗೆ ಬಂದು ನಿಂತದ್ದೇ ತಡ, ಹಾರಿ ಕೂತು ಬೆಲ್ಟ್ ಬಿಗಿದೆ. ಅವನು ಕಿರುಚಿದ! ಆಕ್ಸಿಲರೇಟರ್ ಒತ್ತಿದ! ರಸ್ತೆ ಬಿಟ್ಟು ಗುಡ್ಡಕ್ಕೆ ನುಗ್ಗಿಸಿದ. ನನ್ನ ಹಲ್ಲುಗಳೆಲ್ಲ ಜಾಗ ಬಿಟ್ಟವೇನೋ ಅನ್ನಿಸಿತು. ಕೊನೆಗೆ ಬಂದು ನಿಂತದ್ದು ಈ ಬಂಡೆಯ ಅಂಚಿಗೆ.

"ಅವನು ಯಾಕೆ ಇಳೀತಿಲ್ಲ ಹೇಳ್ಲಾ?" ಎಂದೆ. "ನಿನ್ನ ಕಳಪೆ ಕೆಲಸದಿಂದ ಸತ್ತ, ಅದಕ್ಕೆ."

"ಏನಂದೆ?"

"ರಾಡ್ ನೋಡಿದೆ. ನಿಂಗೆ ವೆಲ್ಡಿಂಗ್ ಬರಲ್ಲ."

ಎತ್ತಿದ ಸ್ಪ್ಯಾನರ್ ಅಲ್ಲೇ ನಿಂತಿತು.

"ನಾನು ಹಾಕಿದ ವೆಲ್ಡಿಂಗ್ ಇವತ್ತಿನವರೆಗೂ ಬಿಟ್ಟಿಲ್ಲ!"

"ಬಿಟ್ಟಿದೆಯಲ್ಲ! ನಾಳೆ ಊರಿಗೆಲ್ಲ ತೋರಿಸ್ತೀನಿ."

"ಬಿಡಲಿ ಅಂತಾನೇ ಹಾಕಿದ್ದು ಕಣೋ!" ಅವನ ಕೊರಳ ನರ ಉಬ್ಬಿತು. "ಮೇಲಷ್ಟೇ ಕಾಯಿಸಿ, ಒಳಗೆ ಹೋಗದ ಹಾಗೆ! ಅದು ಎಷ್ಟು ಕಷ್ಟದ ಕೆಲಸ ಗೊತ್ತಾ ನಿಂಗೆ? ಗಾಡಿ ಕಟ್ಟೋನು ನಾನು... ಗೆದ್ದಾಗ ಹೆಗಲ ಮೇಲೆ ಹೊತ್ತು ಮೆರೆಸೋದು ಅವನನ್ನ!"

ಸ್ಪ್ಯಾನರ್ ಬೀಸಿದ. ಬ್ರೇಕಿನ ಮೇಲಿದ್ದ ಕಾಲು ಜಾರಿತು.

ಉರುಳಿದೆವು!

ಆಕಾಶ, ಬಂಡೆ, ಆಕಾಶ... ಧಡ್!

ಎರಡು ಬಂಡೆಗಳ ನಡುವೆ ಗಾಡಿ ಅಂಗಾತ ಸಿಕ್ಕಿಕೊಂಡಿತು. ಬೆಲ್ಟಿನಲ್ಲಿ ಇಬ್ಬರೂ ತಲೆಕೆಳಗಾಗಿ ಜೋತಾಡುತ್ತಿದ್ದೆವು. ಪಂಜರದ ಒಂದೇ ಒಂದು ಪೈಪು ಬಿಟ್ಟಿರಲಿಲ್ಲ. ವೆಲ್ಡರ್ ರಕ್ತದ ಬಾಯಲ್ಲೇ ನಕ್ಕ.

"ನೋಡಿದ್ಯಾ ಕೆಲಸ?"

ಸುಳ್ಳಲ್ಲ. ಕೊಲೆಗಾರನ ಕೈಗುಣದಿಂದ ನಾನು ಉಳಿದಿದ್ದೆ.

ಫೋನು ತೆಗೆದು ಸ್ಪೀಕರ್ ಒತ್ತಿದೆ. ಅಕ್ಕ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ಅವನು ಹಾರ್ಲಿಲ್ಲ... ನನ್ನ ತಮ್ಮ ಹಾರ್ಲಿಲ್ಲ..."

ವೆಲ್ಡರ್ ಮುಖದ ನಗು ಇಂಗಿಹೋಯಿತು. ಫೋನಿನ ಕಡೆ ಕತ್ತು ಚಾಚಿ ಮಗುವಿನ ದನಿಯಲ್ಲಿ ಕೇಳಿದ.

"ಅಕ್ಕಾ... ಅವನು ಮನೆಗೆ ಬಂದ್ನಾ?"

ನಾನೇ ಕರೆ ಕತ್ತರಿಸಿದೆ.

ಪೊಲೀಸ್ ಸ್ಟೇಷನ್ನಿನಲ್ಲಿ ಪೇದೆ ಅವನ ಹೇಳಿಕೆ ಬರೆದುಕೊಂಡು ಓದಿ ಹೇಳಿದ. ಗೆಳೆಯನನ್ನು ಕೊಂದೆ ಎಂಬಲ್ಲಿ ವೆಲ್ಡರ್ ಹೌದೆಂದು ತಲೆಯಾಡಿಸಿದ. ದೋಷಪೂರಿತ ವೆಲ್ಡಿಂಗ್ ಎಂಬ ಮಾತು ಬಂದದ್ದೇ, ಸಹಿಗೆಂದು ಹಿಡಿದಿದ್ದ ಪೆನ್ನು ಕೆಳಗಿಟ್ಟ.

"ಅದನ್ನ ಹೊಡೆದು ಹಾಕಿ ಸ್ವಾಮಿ. ಸುಳ್ಳಿಗೆ ನಾನು ಸೈನ್ ಹಾಕಲ್ಲ!"